ಲೇವಿಯರು ಸುಖಜೀವಿಗಳೇ?

ಪುರೋಹಿತವರ್ಗದ ಮಾತು ಬಂದೊಡನೆ "ದುಡಿಯದೆ ಉಣ್ಣುವವರು" ಎಂದು ಒಂದೇ ಉಸಿರಿನಲ್ಲಿ ತೀರ್ಪು ಕೊಡುವುದು ಕೆಲವರಿಗೆ ವಾಡಿಕೆಯಾಗಿದೆ. ಪ್ರಾಚೀನ ಇಸ್ರಾಯೇಲಿನ ಲೇವಿ ಕುಲದವರ ಮೇಲೆಯೂ ಇದೇ ತೀರ್ಪನ್ನು ಹೊರಿಸುವರು. ದೇವರ ಹೆಸರಿನಲ್ಲಿ ಒಂದು ಕುಲವು ಉಳಿದ ಕುಲಗಳ ಬೆಳೆಯ ದಶಮಾಂಶವನ್ನು ತಿಂದು ಕಾಲ ಕಳೆಯಿತೆಂಬುದು ಇವರ ವಾದ. ಇದು ಮೂಲಗ್ರಂಥವನ್ನು ತೆರೆದು ನೋಡದವರ ವಾದವೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಲೇವಿಯರೆಲ್ಲರೂ ಯಾಜಕರಲ್ಲ. ಯಾಜಕಕಾಂಡ, ಅರಣ್ಯಕಾಂಡಗಳ ವಿಧಿಯಂತೆ ಬಲಿಪೀಠದ ಸೇವೆಯು ಅದೇ ಕುಲದ ಆರೋನನ ಸಂತತಿಗೆ ಮಾತ್ರ ಮೀಸಲು. ಉಳಿದವರ ಪಾಲಿಗೆ ಬಂದುದು ಹೊರೆ. ಕೆಹಾತ್ಯರು ಪವಿತ್ರ ವಸ್ತುಗಳನ್ನು ಹೆಗಲ ಮೇಲೆ ಹೊರಬೇಕು; ಗೇರ್ಷೋನ್ಯರು ದೇವದರ್ಶನದ ಗುಡಾರದ ಬಟ್ಟೆ ಪರದೆಗಳನ್ನು, ಮೆರಾರೀಯರು ಅದರ ಹಲಗೆ ಕಂಬಗಳನ್ನು ಸಾಗಿಸಬೇಕು. 30ನೆಯ ವಯಸ್ಸಿನಿಂದ 50ರವರೆಗೆ ಈ ದುಡಿಮೆ. ಇದು ಕುಳಿತು ಉಣ್ಣುವವರ ಬಾಳೇ?

ಎರಡನೆಯದಾಗಿ, ಅವರಿಗೆ ದೊರೆತುದೇನು? ಕುಲಕುಲಕ್ಕೂ ನಾಡನ್ನು ಹಂಚಿದಾಗ ಲೇವಿಯರಿಗೆ ಸ್ವಂತ ಸೀಮೆಯಿಲ್ಲ. ಇತರರ ನಾಡುಗಳಲ್ಲಿ ಚದರಿದ 48 ಪಟ್ಟಣಗಳೂ ಅವುಗಳ ಸುತ್ತಣ ಗೋಮಾಳಗಳೂ ಮಾತ್ರ. ಬಂದ ದಶಮಾಂಶದಲ್ಲಿಯೂ ಹತ್ತರಲ್ಲೊಂದು ಪಾಲನ್ನು ಯಾಜಕರಿಗೆ ಒಪ್ಪಿಸಬೇಕು. ಧರ್ಮೋಪದೇಶಕಾಂಡವು ಪರದೇಶಿ, ಅನಾಥ, ವಿಧವೆಯರನ್ನು ಮರೆಯಬೇಡಿರೆಂದು ಎಚ್ಚರಿಸುವಲ್ಲಿ ಲೇವಿಯನನ್ನೂ ಅದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಸಿರಿವಂತನನ್ನು ಯಾರಾದರೂ ಅನಾಥರ ಪಂಕ್ತಿಯಲ್ಲಿ ಕುಳ್ಳಿರಿಸುವರೇ?

"ಕಾನೂನು ಕಾಗದದ್ದು, ನಡೆದುದು ಬೇರೆ" ಎನ್ನುವಿರಾ? ನಡೆದುದನ್ನೇ ಗ್ರಂಥವು ಹೇಗೆ ಹೇಳುತ್ತದೆಂಬುದನ್ನು ನೋಡೋಣ. ನ್ಯಾಯಸ್ಥಾಪಕರ ಗ್ರಂಥದಲ್ಲಿ ಬೇತ್ಲೆಹೇಮಿನ ಒಬ್ಬ ಲೇವಿಯ ತರುಣನು ನೆಲೆ ಹುಡುಕುತ್ತಾ ಊರೂರು ಅಲೆಯುತ್ತಾನೆ. ಎಫ್ರಾಯೀಮ್ ಬೆಟ್ಟದ ಸೀಮೆಯ ಮೀಕನೆಂಬವನು ವರ್ಷಕ್ಕೆ 10 ಬೆಳ್ಳಿ ನಾಣ್ಯ, ಬಟ್ಟೆ, ಊಟ ಎಂದು ಸಂಬಳ ಗೊತ್ತುಮಾಡಿ ಅವನನ್ನು ಮನೆಯ ಯಾಜಕನನ್ನಾಗಿ ಇಟ್ಟುಕೊಳ್ಳುತ್ತಾನೆ. ಇನ್ನು, ಕ್ರಿ.ಪೂ. 538ರಲ್ಲಿ ಪಾರಸಿಯ ಅರಸ ಕೋರೆಷನು ಅಪ್ಪಣೆ ಕೊಟ್ಟ ಬಳಿಕ ಬಾಬೆಲಿನ ಸೆರೆಯಿಂದ ಮರಳಿದವರ ಪಟ್ಟಿಯನ್ನು ನೋಡಿರಿ. ಎಜ್ರನ ಗ್ರಂಥದ ಲೆಕ್ಕದಲ್ಲಿ ಯಾಜಕರು 4,289. ಬೇರೆಯಾಗಿ ಎಣಿಸಿದ ಗಾಯಕರನ್ನೂ ದ್ವಾರಪಾಲಕರನ್ನೂ ಬಿಟ್ಟರೆ ಲೇವಿಯರು ಕೇವಲ 74! ಆ ಸ್ಥಾನವು ಸುಖದ ಸುಪ್ಪತ್ತಿಗೆಯಾಗಿದ್ದರೆ ಅದನ್ನೇರಲು ಜನ ಇಷ್ಟು ಹಿಂದೆಗೆಯುತ್ತಿದ್ದರೇ? ಮುಂದೆ ನೆಹೆಮೀಯನ ಕಾಲದಲ್ಲಿ ಪಾಲು ಸಲ್ಲದೆ ಹೋದುದರಿಂದ ಲೇವಿಯರು ದೇವಾಲಯವನ್ನು ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೊರಟುಹೋದರು. ಆಗ ನೆಹೆಮೀಯನು ಗದರಿಸಿದುದು ಲೇವಿಯರನ್ನಲ್ಲ, ಅಧಿಕಾರಿಗಳನ್ನು. ದೇವಾಲಯವನ್ನು ಏಕೆ ಕೈಬಿಟ್ಟಿರೆಂದು ಅವರನ್ನೇ ಕೇಳಿದನು.

ಹುಟ್ಟಿನಿಂದ ಬಂದ ಹಕ್ಕನ್ನು ನಾನು ಎತ್ತಿಹಿಡಿಯುತ್ತಿಲ್ಲ. ಸಭೆಯೆಲ್ಲವೂ ಪವಿತ್ರವಾಗಿರುವಾಗ ಕೆಲವರೇ ಏಕೆ ಮೇಲೆಂದು ಕೇಳಿದ ಕೋರಹನೂ ಲೇವಿಯನೇ. ಆ ಕಥೆಯಲ್ಲಿ ನೆಲವು ಬಾಯ್ದೆರೆದು ಅವನ ಕಡೆಯವರನ್ನು ನುಂಗಿತು; ಅವನ ಪ್ರಶ್ನೆಯನ್ನು ನುಂಗಲಾರದೆ ಹೋಯಿತು. ಕುಲದ ಕಟ್ಟು ತಪ್ಪೆನ್ನುವವರು ಹಾಗೆಯೇ ಹೇಳಲಿ, ನಾನೂ ದನಿಗೂಡಿಸುವೆನು. ಆದರೆ ಬಡವನನ್ನು ಭೋಗಿಯೆಂದು ಕರೆಯುವುದು ವಿಮರ್ಶೆಯಲ್ಲ, ಅಪವಾದ.

ಲೇವಿಯರ ನಿಜವಾದ ಹಿರಿಮೆಯನ್ನು ನಾನು ಕಾಣುವುದು ಬಲಿಪೀಠದ ಬಳಿಯಲ್ಲಲ್ಲ. ಯೆರೂಸಲೇಮಿನ ನೀರುಬಾಗಿಲಿನ ಮುಂದಣ ಬಯಲಿನಲ್ಲಿ. ಏಳನೆಯ ತಿಂಗಳಿನ ಮೊದಲ ದಿನ, ಗಂಡಸರೂ ಹೆಂಗಸರೂ ನೆರೆದ ಸಭೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಎಜ್ರನು ಧರ್ಮಶಾಸ್ತ್ರವನ್ನು ಓದಿದನು. ಲೇವಿಯರು ಅದನ್ನು ಜನಕ್ಕೆ ತಿಳಿಯುವಂತೆ ಬಿಡಿಸಿ ಹೇಳಿದರು. ಅರ್ಥವಾದುದರಿಂದಲೇ ಜನರು ಮೊದಲು ಅತ್ತರು, ಆಮೇಲೆ ಹಬ್ಬ ಮಾಡಿದರು.

ಕಲಿಸುವವನ ಕೆಲಸವನ್ನು ಪವಿತ್ರವೆಂದು ಹೊಗಳುವುದು ಎಲ್ಲ ಕಾಲದಲ್ಲಿಯೂ ಸುಲಭ. ಅವನ ಪಾಲನ್ನು ಹೊತ್ತಿಗೆ ಸಲ್ಲಿಸುವುದು ಕಷ್ಟ. ಲೇವಿಯರನ್ನು ಹಳಿಯುವ ಮುನ್ನ ಆ ಎರಡನೆಯ ಲೆಕ್ಕವನ್ನೂ ಒಮ್ಮೆ ನೋಡಿರೆಂದು ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹ.