ಗೂಟ ಇಳಿಯಿತು, ಗತ್ತು ಇಳಿಯಲಿಲ್ಲ

ಕನ್ನಡದಲ್ಲಿ ಗೂಟ ಎಂದರೆ ಮೊದಲು ನೆನಪಾಗಬೇಕಾದದ್ದು ದನದ ಕೊಟ್ಟಿಗೆ. ಹಗ್ಗ ಕಟ್ಟಲು ನೆಲಕ್ಕೆ ಹೊಡೆದ ಮರದ ತುಂಡು ಅದು. ವಿಧಾನಸೌಧದ ಕೃಪೆಯಿಂದ ಈ ಬಡಪಾಯಿ ಪದ ಯಾವಾಗಲೋ ನೆಲ ಬಿಟ್ಟು ಕಾರಿನ ನೆತ್ತಿಯ ಮೇಲೇರಿ ಕುಳಿತಿತು. ‘ಗೂಟದ ಕಾರು’ ಎಂದರೆ ಸಾಕು, ಬಿಳಿ ಅಂಬಾಸಿಡರ್, ಅದರ ಮೇಲೊಂದು ಕೆಂಪು ದೀಪ, ಒಳಗೆ ಬಿಳಿ ಅಂಗಿಯ ಸಾಹೇಬರು, ಹಿಂದೆ ಧೂಳೆಬ್ಬಿಸುತ್ತ ಬರುವ ಎರಡು ಜೀಪು, ಇಷ್ಟೂ ಕಣ್ಣಮುಂದೆ ಬರುತ್ತಿತ್ತು. ಸಂಪುಟ ರಚನೆಯ ಕಾಲ ಬಂತೆಂದರೆ ‘ನಮ್ಮ ಸಾಹೇಬರಿಗೆ ಈ ಸಲ ಗೂಟದ ಕಾರು ಗ್ಯಾರಂಟಿ’ ಎಂದು ಹಿಂಬಾಲಕರು ಹೋಟೆಲಿನಲ್ಲಿ ಕುಳಿತು ಲೆಕ್ಕ ಹಾಕುತ್ತಿದ್ದರು. ಮಂತ್ರಿಗಿರಿ ತಪ್ಪಿದವರನ್ನು ಯಾವುದಾದರೂ ನಿಗಮಕ್ಕೋ ಮಂಡಳಿಗೋ ಅಧ್ಯಕ್ಷರನ್ನಾಗಿ ಮಾಡಿ ಸಮಾಧಾನಪಡಿಸುವಾಗಲೂ ಮೊದಲು ಏಳುತ್ತಿದ್ದ ಪ್ರಶ್ನೆ ಒಂದೇ: ಗೂಟ ಉಂಟೋ, ಇಲ್ಲವೋ? ಆ ನಿಗಮದಲ್ಲಿ ಮಾಡಬೇಕಾದ ಕೆಲಸ ಏನು ಎಂಬುದು ಆಮೇಲಿನ ಮಾತು.

ಈ ಗೂಟಕ್ಕೂ ಒಂದು ಕಾನೂನಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 108ನೆಯದು ದೀಪದ ಬಣ್ಣಕ್ಕೆ ಸಂಬಂಧಿಸಿದ್ದು. ಯಾವ ವಾಹನವೂ ಮುಂದುಗಡೆ ಕೆಂಪು ದೀಪ ತೋರಿಸಬಾರದು, ಹಿಂದುಗಡೆ ಕೆಂಪಲ್ಲದ ಬೇರೆ ದೀಪ ತೋರಿಸಬಾರದು ಎಂಬುದು ಅದರ ತಿರುಳು. ಕಾರಣ ಸರಳ. ಕತ್ತಲಲ್ಲಿ ದೂರದಲ್ಲಿ ಕಾಣುವ ವಾಹನ ನಮ್ಮತ್ತ ಬರುತ್ತಿದೆಯೋ, ನಮ್ಮ ಮುಂದೆ ಹೋಗುತ್ತಿದೆಯೋ ಎಂದು ತಿಳಿಯುವುದು ದೀಪದ ಬಣ್ಣದಿಂದಲೇ. ಇದಕ್ಕೆ ಕೆಲವು ವಿನಾಯಿತಿಗಳಿದ್ದವು. ಆಂಬುಲೆನ್ಸಿಗೆ ಮಿನುಗುವ ದೀಪಕ್ಕೆ ಅವಕಾಶವಿತ್ತು. ಅದರ ಜೊತೆಗೇ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಗೊತ್ತುಪಡಿಸಿದ ‘ಉನ್ನತ ಗಣ್ಯರ’ ವಾಹನಕ್ಕೂ ಕೆಂಪು ದೀಪದ ಅವಕಾಶವಿತ್ತು. ಗೂಟ ಒಳಗೆ ನುಸುಳಿದ್ದು ಈ ಕಿಂಡಿಯಿಂದ.

ಗಣ್ಯರಲ್ಲೂ ಮೇಲು ಕೀಳು ಇಲ್ಲದಿದ್ದರೆ ಹೇಗೆ? 2005ರಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆಯಲ್ಲಿ ಎರಡು ಪಟ್ಟಿಗಳಿದ್ದವು. ಮಿನುಗುವ ಕೆಂಪು ದೀಪಕ್ಕೆ ಅರ್ಹರು ಒಂದು ಕಡೆ, ಮಿನುಗದ ಕೆಂಪು ದೀಪಕ್ಕೆ ಮಾತ್ರ ಅರ್ಹರು ಇನ್ನೊಂದು ಕಡೆ. ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಗಣ್ಯರು ಕಾರಿನಲ್ಲಿ ಇಲ್ಲದಾಗ ದೀಪ ಉರಿಸುವಂತಿಲ್ಲ, ಅದಕ್ಕೆ ಕಪ್ಪು ಮುಸುಕು ಹಾಕಿರಬೇಕು ಎಂದು ನಿಯಮವೇ ಹೇಳುತ್ತಿತ್ತು. ಸಾಹೇಬರ ಮಕ್ಕಳು ಶಾಲೆಗೆ ಹೋಗುವಾಗ, ಮನೆಯವರು ಸೀರೆ ಅಂಗಡಿಗೆ ಹೋಗುವಾಗ ಆ ಕಪ್ಪು ಮುಸುಕನ್ನು ಎಷ್ಟು ಜನ ಕಂಡಿದ್ದಾರೋ, ಕಂಡವರೇ ಹೇಳಬೇಕು.

ಕಿಂಡಿ ಬರಬರುತ್ತ ಹೆಬ್ಬಾಗಿಲಾಯಿತು. ರಾಜ್ಯ ಸರ್ಕಾರಗಳು ತಮ್ಮ ತಮ್ಮ ಪಟ್ಟಿಯನ್ನು ಬೆಳೆಸುತ್ತ ಹೋದವು. ಪಟ್ಟಿಯಲ್ಲಿ ಇಲ್ಲದವರು ಪಟ್ಟಿಯ ಹಂಗೇ ಇಲ್ಲದೆ ಅಂಗಡಿಯಿಂದ ದೀಪ ಕೊಂಡು ತಂದರು. ಕೊನೆಗೆ ಉತ್ತರ ಪ್ರದೇಶದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2013ರ ಡಿಸೆಂಬರ್ 10ರಂದು ತೀರ್ಪು ಕೊಟ್ಟು ಚಾಟಿ ಬೀಸಿತು. ಈ ಕೆಂಪು ದೀಪದ ಮೋಹದಲ್ಲಿ ಬ್ರಿಟಿಷರ ಕಾಲದ ದೊರೆತನದ ವಾಸನೆ ಇದೆ ಎಂದ ನ್ಯಾಯಾಲಯ, ರಾಜ್ಯಗಳು ಮನಬಂದಂತೆ ಪಟ್ಟಿ ಹಿಗ್ಗಿಸುವಂತಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿತು. 2017ರ ಏಪ್ರಿಲ್ 19ರಂದು ಕೇಂದ್ರ ಸಂಪುಟ ಇನ್ನೂ ಮುಂದೆ ಹೋಗಿ, ಗಣ್ಯರ ಕಿಂಡಿಯನ್ನೇ ಮುಚ್ಚಲು ತೀರ್ಮಾನಿಸಿತು. ಅದೇ ಮೇ 1ರಿಂದ ರಾಷ್ಟ್ರಪತಿ, ಪ್ರಧಾನಿಯಿಂದ ಹಿಡಿದು ಯಾರ ಕಾರಿನ ಮೇಲೂ ಗೂಟವಿಲ್ಲ. ಮಿನುಗುವ ದೀಪ ಉಳಿದದ್ದು ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಮುಂತಾದ ತುರ್ತು ಕೆಲಸದ ವಾಹನಗಳಿಗೆ ಮಾತ್ರ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮೇಲಿನಿಂದ ಇಳಿದ ಗೂಟ ಕೆಳಗೆ ಬಂದು ಚಿಗುರಿಕೊಂಡಿದೆ. ಈಗ ಅದು ಕಾರಿನ ಮುಂಭಾಗದ ಜಾಲರಿಯ ಸಂದಿಯಲ್ಲಿ ಕೆಂಪು-ನೀಲಿ ಮಿಣುಕು ದೀಪವಾಗಿ ಅಡಗಿ ಕುಳಿತಿದೆ. ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಒಳಗೆ ಅಂಟಿಕೊಂಡಿದೆ. ನಂಬರ್ ಪ್ಲೇಟಿನ ಮೇಲ್ಗಡೆ ಸಂಘವೊಂದರ ಹೆಸರು, ಸಿಂಹದ ಲಾಂಛನ, ಅದಕ್ಕೊಪ್ಪುವ ಸೈರನ್ನು. ಮಾಜಿ ಅಧ್ಯಕ್ಷರ ಭಾವಮೈದನಿಗೂ ಟೋಲ್ ಗೇಟಿನಲ್ಲಿ ಕಾಯುವುದು ಅವಮಾನ. ಎರಡು ಸಲ ಮಿಣುಕಿಸಿದರೆ ಗೇಟಿನ ಹುಡುಗ ಗಾಬರಿಯಿಂದ ಕಂಬಿ ಎತ್ತಿಯಾನು ಎಂಬ ಆಸೆ. ಓದು ಬಲ್ಲವರೇನೂ ಇದಕ್ಕೆ ಹೊರತಲ್ಲ. 2024ರಲ್ಲಿ ಪುಣೆಯಲ್ಲಿ ಇನ್ನೂ ತರಬೇತಿಯಲ್ಲಿದ್ದ ಐಎಎಸ್ ಅಧಿಕಾರಿಯೊಬ್ಬರು ತಮ್ಮ ಖಾಸಗಿ ಆಡಿ ಕಾರಿಗೆ ಕೆಂಪು-ನೀಲಿ ದೀಪ ಹಾಕಿಸಿಕೊಂಡಿದ್ದು ದೇಶವೆಲ್ಲ ಸುದ್ದಿಯಾಯಿತು. ಕಾರು ಪೊಲೀಸರ ವಶಕ್ಕೆ ಹೋಯಿತು. ದೀಪದ ಬೆಳಕಿನಲ್ಲಿ ಶುರುವಾದ ವಿಚಾರಣೆ ಬೇರೆ ದಾಖಲೆಗಳತ್ತ ಹೊರಳಿ, ಕೊನೆಗೆ ಆಯ್ಕೆಯೇ ರದ್ದಾಗುವವರೆಗೆ ಹೋಯಿತು.

‘ಪಾಪ, ಒಂದು ದೀಪ ತಾನೇ, ಯಾರಿಗೇನು ನಷ್ಟ?’ ಎಂದು ಕೇಳುವವರುಂಟು. ನಷ್ಟ ಇದೆ. ಎಚ್ಚರಿಕೆಯ ದೀಪ ಕೆಲಸ ಮಾಡುವುದು ಮನುಷ್ಯನ ಕಣ್ಣಿನ ಸ್ವಭಾವವನ್ನು ನಂಬಿ. ಹಗಲಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಚೆನ್ನಾಗಿ ಹೊಡೆದು ಕಾಣುತ್ತದೆ. ಬೆಳಕು ಮಂಕಾದಂತೆ ಕಣ್ಣಿನ ಒಲವು ನೀಲಿಯ ಕಡೆ ಸರಿಯುತ್ತದೆ. ಮುಸ್ಸಂಜೆಯಲ್ಲಿ ಕೆಂಪು ದಾಸವಾಳ ಕಪ್ಪಾಗಿ, ನೀಲಿ ಶಂಖಪುಷ್ಪ ಇನ್ನೂ ನೀಲಿಯಾಗಿಯೇ ಕಾಣುವುದು ಇದರಿಂದಲೇ. ಕೆಂಪು-ನೀಲಿ ಜೋಡಿ ಹಗಲಿಗೂ ಇರುಳಿಗೂ ಒದಗುತ್ತದೆ. ಮಿನುಗುವುದಕ್ಕೂ ಒಂದು ಲಯ ಇದೆ. ಐರೋಪ್ಯ ದೇಶಗಳು ಪಾಲಿಸುವ ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ ಪ್ರಕಾರ ಇಂಥ ದೀಪ ಸೆಕೆಂಡಿಗೆ 2ರಿಂದ 4 ಸಲ ಮಿನುಗಬೇಕು. ನಿಧಾನವಾದರೆ ಕಣ್ಣಿಗೆ ಬೀಳದು, ವೇಗವಾದರೆ ಕಣ್ಣನ್ನೇ ಕಂಗೆಡಿಸೀತು. ಅತಿ ಪ್ರಖರವಾದರೂ ಅಪಾಯವೇ. ಆ ಬೆಳಕಿನ ಪಕ್ಕದಲ್ಲಿ ರಸ್ತೆಗಿಳಿದು ನಿಂತ ಮನುಷ್ಯ ಕತ್ತಲಲ್ಲಿ ಕರಗಿಹೋಗುತ್ತಾನೆ. ಹಬ್ಬದ ಸರದ ದೀಪದಂತೆ ಎಲ್ಲ ಕಡೆ ಮಿಣುಗುಟ್ಟಿಸಿಕೊಂಡು ಬರುವ ಖಾಸಗಿ ಜೀಪಿಗೆ ಈ ಲೆಕ್ಕ ಯಾವುದೂ ಇಲ್ಲ.

ಇದೇ ಕಾಯಿಲೆಯ ಸಣ್ಣ ರೂಪ ನಮ್ಮ ನಿಮ್ಮ ವಾಹನಗಳಲ್ಲೂ ಇದೆ. ಕಾರಿನ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿದರೆ ‘ನನ್ನ ವಾಹನ ಇಲ್ಲಿ ಕೆಟ್ಟು ನಿಂತಿದೆ’ ಎಂದರ್ಥ. ನಮ್ಮೂರುಗಳಲ್ಲಿ ಅದಕ್ಕೆ ‘ನಾನು ಸರ್ಕಲ್ಲಿನಲ್ಲಿ ನೇರ ಹೋಗುತ್ತೇನೆ’, ‘ಮಳೆ ಬರುತ್ತಿದೆ’, ‘ಮದುವೆ ದಿಬ್ಬಣ ಹೊರಟಿದೆ’ ಎಂಬ ಅರ್ಥಗಳೆಲ್ಲ ಸೇರಿಕೊಂಡಿವೆ. ಹೀಗೆ ಎಲ್ಲದಕ್ಕೂ ಒಂದೇ ದೀಪವಾದರೆ, ನಿಜವಾಗಿ ಕೆಟ್ಟು ನಿಂತ ಲಾರಿಯನ್ನು ಹಿಂದಿನವನು ಗುರುತಿಸುವುದು ಹೇಗೆ? ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯಲ್ಲಿ ಸುಳ್ಳು ಹೇಳಿದವನ ಕುರಿಯೇ ಸತ್ತಿತು. ರಸ್ತೆಯಲ್ಲಿ ಹಾಗಲ್ಲ. ಸುಳ್ಳು ದೀಪ ಹಾಕಿದವನು ಸುಖವಾಗಿ ಮನೆ ಸೇರುತ್ತಾನೆ. ಕುರಿ ಇನ್ನೊಬ್ಬರದು.

ದೀಪದ ನಿಯಮದ ಸಂಖ್ಯೆ 108 ಎಂದೆವಲ್ಲ, ಕಾಕತಾಳೀಯ ನೋಡಿ, 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಶುರುವಾದ ಆರೋಗ್ಯ ಕವಚ ಆಂಬುಲೆನ್ಸ್ ಸೇವೆಯ ದೂರವಾಣಿ ಸಂಖ್ಯೆಯೂ 108. ಒಂದು 108 ಕೆಟ್ಟರೆ ಇನ್ನೊಂದು 108 ಕೂಡ ಕೆಡುತ್ತದೆ. ಆಂಬುಲೆನ್ಸಿನ ಬಳಿ ಇರುವ ಬಲವಾದರೂ ಏನು? ಅದು ಮುಂದಿನ ವಾಹನವನ್ನು ತಳ್ಳಿಕೊಂಡು ಹೋಗಲಾರದು. ಅದರ ದೀಪ ಕಂಡು ಮುಂದಿನವನು ‘ಒಳಗೆ ಯಾರದೋ ಜೀವ ಇದೆ’ ಎಂದು ನಂಬಬೇಕು, ನಂಬಿ ಎಡಕ್ಕೆ ಸರಿಯಬೇಕು. ಕನ್ನಡಿಯಲ್ಲಿ ಕೆಂಪು-ನೀಲಿ ಕಂಡಾಗ ‘ಇವನ್ಯಾವನೋ ಪುಢಾರಿ ಇರಬೇಕು, ಕಾಯಲಿ’ ಎಂದು ಅವನು ಗೊಣಗುವ ಆ ಕ್ಷಣವೇ ಎದೆನೋವಿನವರಿಗೋ ಹೆರಿಗೆ ನೋವಿನವರಿಗೋ ಆಗುವ ನಷ್ಟ.

ಆ ನಂಬಿಕೆ ಉಳಿದಿದ್ದರೆ ಏನಾಗಬಹುದು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಗೂಟ ಇಳಿದು ಎರಡು ತಿಂಗಳೂ ಆಗಿರಲಿಲ್ಲ. 2017ರ ಜೂನ್‌ನಲ್ಲಿ ಮೆಟ್ರೊ ಉದ್ಘಾಟನೆಗೆಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ನಗರಕ್ಕೆ ಬಂದಿದ್ದರು. ಟ್ರಿನಿಟಿ ವೃತ್ತದಲ್ಲಿ ಸಂಚಾರ ವಿಭಾಗದ ಸಬ್ ಇನ್‌ಸ್ಪೆಕ್ಟರ್ ಎಂ.ಎಲ್. ನಿಜಲಿಂಗಪ್ಪ ಕರ್ತವ್ಯದಲ್ಲಿದ್ದರು. ಒಂದು ಕಡೆಯಿಂದ ರಾಷ್ಟ್ರಪತಿಗಳ ವಾಹನ ಸಾಲು, ಇನ್ನೊಂದು ಕಡೆ ದಾರಿ ಸಿಗದೆ ಒದ್ದಾಡುತ್ತಿದ್ದ ಆಂಬುಲೆನ್ಸ್. ನಿಜಲಿಂಗಪ್ಪ ರಾಷ್ಟ್ರಪತಿಗಳ ಸಾಲನ್ನು ತಡೆದು ಆಂಬುಲೆನ್ಸನ್ನು ಬಿಟ್ಟರು. ಶಿಸ್ತುಕ್ರಮವಾಗಬಹುದು ಎಂದು ಹೆದರಬೇಕಾದ ಜಾಗದಲ್ಲಿ ಅವರಿಗೆ ಇಲಾಖೆಯಿಂದ ಬಹುಮಾನವೇ ಸಿಕ್ಕಿತು. ಆಂಬುಲೆನ್ಸಿನ ದೀಪವನ್ನು ಒಬ್ಬ ಪೊಲೀಸ್ ಅಧಿಕಾರಿ ಪೂರ್ತಿ ನಂಬಿದ್ದರಿಂದ ದೇಶದ ಪ್ರಥಮ ಪ್ರಜೆ ಒಂದು ನಿಮಿಷ ಕಾದರು. ಅದರಿಂದ ಆ ಹುದ್ದೆಯ ಘನತೆಗೆ ಕುಂದೇನೂ ಬರಲಿಲ್ಲ.

ಕಾನೂನಿನ ತಕ್ಕಡಿಯನ್ನೂ ಒಮ್ಮೆ ನೋಡಬೇಕು. 2019ರ ತಿದ್ದುಪಡಿಯಾದ ಮೇಲೆ ಆಂಬುಲೆನ್ಸಿಗೆ ದಾರಿ ಬಿಡದವನಿಗೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕಾರ್ಯಾಚರಣೆಗೆ ಇಳಿದಾಗ ಬಳಸಿದ್ದು ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್. ಅದರಲ್ಲಿ ಮೊದಲ ತಪ್ಪಿಗೆ ದಂಡ 500 ರೂಪಾಯಿ. ಲಕ್ಷಗಟ್ಟಲೆ ಕೊಟ್ಟು ಕಾರು ಕೊಂಡವರಿಗೆ 500 ರೂಪಾಯಿ ದಂಡ ಎಂದರೆ ಗತ್ತಿನ ಬಾಡಿಗೆ ಇದ್ದಂತೆ. ದಂಡ ಹಾಕಿ ಬಿಡುವುದಕ್ಕಿಂತ ಅಲ್ಲೇ ದೀಪ ಕಳಚಿಸಿ, ತಂತಿ ಕಿತ್ತು ಕಳಿಸುವುದೇ ಹೆಚ್ಚು ಪಾಠ ಕಲಿಸೀತು.

ಕಳಚಿದ ಆ ದೀಪವನ್ನು ಏನು ಮಾಡುವುದು ಎಂಬ ಚಿಂತೆ ಬೇಡ. ಮಾಲೀಕರು ಅದನ್ನು ಮನೆಗೆ ಒಯ್ದು ಕೊಟ್ಟಿಗೆಯಲ್ಲಿ ನೇತು ಹಾಕಿಕೊಳ್ಳಲಿ. ಗೂಟಕ್ಕೆ ಸರಿಯಾದ ಜಾಗ ಅದೇ.