ಮಿಕ್ಸಿಗೆ ಹೆದರುವ ನಾಯಿಯನ್ನು ಬೈಯಬೇಡಿ

ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದ ಕೂಡಲೇ ಬಾಲ ಮುದುರಿಕೊಂಡು ಮಂಚದ ಕೆಳಗೆ ನುಗ್ಗುವ ನಾಯಿ ನಮ್ಮ ಊರುಗಳಲ್ಲಿ ಹೊಸದಲ್ಲ. ‘ಕಳ್ಳನನ್ನ ಹಿಡೀಬೇಕಾದ ನಾಯಿ ಮಿಕ್ಸಿಗೆ ಹೆದರುತ್ತೆ ನೋಡು’ ಅಂತ ನಗುತ್ತೇವೆ. ಕೆಲವರು ಅಭ್ಯಾಸ ಆಗಲಿ ಎಂದು ಅಡುಗೆಮನೆ ಬಾಗಿಲಿಗೇ ಕಟ್ಟುತ್ತಾರೆ. ಇದು ತಪ್ಪು ಎನ್ನುವುದು ನಮ್ಮ ಮಾತು.

ನಾಯಿಯದು ನಾಟಕವಲ್ಲ. ನಮಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ. ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ಕಟ್ಟಿಹಾಕಿದರೆ ಅದು ಕಲಿಯುವುದು ಒಂದೇ: ಈ ಸದ್ದು ಬಂದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಂಥ ಗಾಬರಿಯಲ್ಲಿ ಹತ್ತಿರ ಹೋದ ಮಗುವನ್ನೂ ಕಚ್ಚಬಹುದು.

ಹಾಗಾದರೆ ಏನು ಮಾಡಬೇಕು? ಮಿಕ್ಸಿ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾಯಿ ಅಂಗಳದಲ್ಲಿ ಆರಾಮಾಗಿರುವಾಗ ತೀರಾ ಸಣ್ಣದಾಗಿ ಹಾಕಿ. ಸದ್ದು ಶುರುವಾದ ತಕ್ಷಣ ರೊಟ್ಟಿ ಚೂರೋ ಬೇಯಿಸಿದ ಮೊಟ್ಟೆಯೋ ಕೊಡಿ. ಸದ್ದು ನಿಂತರೆ ತಿಂಡಿಯೂ ನಿಲ್ಲಲಿ. ದಿನಕ್ಕೆ ಐದು ನಿಮಿಷ ಸಾಕು. ಕೆಲವು ದಿನ ಬಿಟ್ಟು ಸ್ವಲ್ಪ ಜೋರು ಮಾಡಿ. ಆಮೇಲೆ ನಿಜವಾದ ಮಿಕ್ಸಿಯನ್ನು ದೂರದಲ್ಲಿ, ಒಂದೆರಡು ಸೆಕೆಂಡ್ ಮಾತ್ರ ಓಡಿಸಿ. ನಾಯಿ ತಿನ್ನುವುದನ್ನು ಬಿಟ್ಟರೆ ನೀವು ಅವಸರ ಮಾಡಿದಿರಿ ಎಂದರ್ಥ. ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಅಡಗಿಕೊಳ್ಳಲು ಹೋದರೆ ಬಿಡಿ, ಎಳೆಯಬೇಡಿ. ಹೆದರಿದಾಗ ಮೈ ಸವರಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಮಾತನ್ನೂ ನಂಬಬೇಡಿ.

ಇಷ್ಟು ಪುರುಸೊತ್ತು ಯಾರಿಗಿದೆ ಎಂದು ಕೇಳಬಹುದು. ಹೋರಿಗೆ ಮೊದಲ ದಿನವೇ ನೊಗ ಹೇರಿ ಹೊಲ ಉಳಲು ಬಿಡುತ್ತೇವೆಯೇ? ದಿನಗಟ್ಟಲೆ ಸ್ವಲ್ಪಸ್ವಲ್ಪವೇ ಪಳಗಿಸುತ್ತೇವೆ. ಆ ತಾಳ್ಮೆ ನಮಗೆ ಗೊತ್ತಿರುವುದೇ. ದುಡಿಯುವ ಎತ್ತಿಗೆ ಕೊಡುವುದನ್ನು ರಾತ್ರಿಯಿಡೀ ಮನೆ ಕಾಯುವ ನಾಯಿಗೆ ಕೊಡುತ್ತಿಲ್ಲ, ಅಷ್ಟೇ.

ಇಷ್ಟು ದಿನ ಸುಮ್ಮನಿದ್ದ ನಾಯಿ ಈಗ ಏಕಾಏಕಿ ಸದ್ದಿಗೆ ಬೆಚ್ಚಿದರೆ ಮೈಯಲ್ಲಿ ನೋವಿರಬಹುದು. ಪಶು ಆಸ್ಪತ್ರೆಗೆ ತೋರಿಸಿ.

ದೀಪಾವಳಿಯ ಪಟಾಕಿಗೂ ಇದೇ ಪಾಠ, ಆದರೆ ತಿಂಗಳುಗಳ ಮೊದಲೇ ಶುರು ಮಾಡಬೇಕು. ಹಬ್ಬದ ರಾತ್ರಿ ಒಳಗೇ ಇಟ್ಟುಕೊಳ್ಳಿ. ಬೆದರಿ ಓಡಿದ ನಾಯಿ ರಸ್ತೆಯಲ್ಲಿ ಗಾಡಿಗೆ ಸಿಕ್ಕಮೇಲೆ ಅಯ್ಯೋ ಎಂದರೆ ಏನು ಬಂತು? ಐದು ನಿಮಿಷವನ್ನು ಇವತ್ತೇ ಕೊಡೋಣ.