ನಾವು ಕೇಜ್ ಅಲ್ಲ, ಜೆ ಸ್ಕ್ವಾಡ್

ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲಿನಲ್ಲಿ ಓದೋರು ಯಾರೂ ಇರಲ್ಲ. ಎರಡು ಮಂಚ ಜೋಡಿಸಿ, ಒಂದೇ ಲ್ಯಾಪ್‌ಟಾಪಿನ ಮುಂದೆ ಒಂಬತ್ತು ಜನ ಕೂತು ‘ಎಡ್ಜ್ ಆಫ್ ಟುಮಾರೊ’ ನೋಡಿದೆವು. ಅರ್ಧ ಜನ ಮೊದಲೇ ನೋಡಿದ್ದವರು. ಆದರೂ ಯಾರೂ ಎದ್ದು ಹೋಗಲಿಲ್ಲ. ಮುಗಿದ ಮೇಲೆ ಶುರುವಾದ ವಾದ ಬೆಳಗ್ಗೆ ಮೆಸ್ಸಿನ ಉಪ್ಪಿಟ್ಟಿನ ತನಕ ನಡೀತು. ಆ ವಾದದಲ್ಲಿ ನಮಗೆ ಹೊಳೆದದ್ದನ್ನೇ ಇಲ್ಲಿ ಬರೀತಾ ಇದ್ದೀವಿ. ಸಿನಿಮಾ 2014ರದ್ದು, ಹಾಗಾಗಿ ಕ್ಲೈಮ್ಯಾಕ್ಸ್ ಸಮೇತ ಹೇಳಿಬಿಡ್ತೀವಿ. ನೋಡದೇ ಇರೋರು ಮೊದಲು ನೋಡಿ ಬನ್ನಿ, ಲೇಖನ ಎಲ್ಲೂ ಓಡಿಹೋಗಲ್ಲ.

ಅನ್ಯಗ್ರಹದವರು ಭೂಮಿಗೆ ನುಗ್ಗೋ ಕಥೆಗಳಿಗೆಲ್ಲ ಒಂದೇ ಕಷ್ಟ. ಅಷ್ಟು ದೂರದಿಂದ ಇಲ್ಲಿಗೆ ಬಂದವರು ನಮಗಿಂತ ಎಷ್ಟೋ ಮುಂದಿರಲೇಬೇಕು. ಹಾಗಿದ್ರೆ ಅವರನ್ನ ಸೋಲಿಸೋದು ಹೇಗೆ? 1898ರಲ್ಲಿ ಪುಸ್ತಕವಾಗಿ ಬಂದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ನಲ್ಲಿ ಎಚ್. ಜಿ. ವೆಲ್ಸ್ ಈ ಕೆಲಸವನ್ನ ಭೂಮಿಯ ಬ್ಯಾಕ್ಟೀರಿಯಾಗಳಿಗೆ ವಹಿಸಿದ. 1996ರ ‘ಇಂಡಿಪೆಂಡೆನ್ಸ್ ಡೇ’ಯಲ್ಲಿ ಒಂದು ಲ್ಯಾಪ್‌ಟಾಪಿನಿಂದ ಅವರ ಮದರ್‌ಶಿಪ್‌ಗೇ ವೈರಸ್ ಹಾಕಿಬಿಡ್ತಾರೆ. ನಮ್ಮ ಲ್ಯಾಬಿನ ಪ್ರಿಂಟರಿಗೆ ಡ್ರೈವರ್ ಕೂರಿಸೋಕೇ ಅರ್ಧ ದಿನ ಹಿಡಿಯುತ್ತೆ, ಅನ್ಯಗ್ರಹದ ಹಡಗಿಗೆ ಎರಡೇ ನಿಮಿಷ!

ಡಗ್ ಲೈಮನ್ ನಿರ್ದೇಶನದ ಈ ಸಿನಿಮಾ ಆ ಕಷ್ಟಕ್ಕೆ ಬೇರೆ ದಾರಿ ಹುಡುಕುತ್ತೆ. ಮೂಲ ಕಥೆ ಜಪಾನಿನ ಹಿರೋಶಿ ಸಕುರಾಜಾಕಾ 2004ರಲ್ಲಿ ಬರೆದ ‘ಆಲ್ ಯು ನೀಡ್ ಈಸ್ ಕಿಲ್’ ಕಾದಂಬರಿಯದ್ದು. ಇಲ್ಲಿ ಮಿಮಿಕ್‌ಗಳು ಅನ್ನೋ ಅನ್ಯಗ್ರಹದ ಜೀವಿಗಳು ಯೂರೋಪನ್ನ ನುಂಗಿವೆ. ಅವುಗಳ ಗುಟ್ಟು ಆಯುಧದಲ್ಲಿಲ್ಲ, ನೆನಪಿನಲ್ಲಿದೆ. ಆಲ್ಫಾ ಅನ್ನೋ ಜಾತಿಯ ಮಿಮಿಕ್ ಸತ್ತರೆ, ಎಲ್ಲವನ್ನೂ ನಡೆಸೋ ಒಮೆಗಾ ಆ ದಿನವನ್ನೇ ಹಿಂದಕ್ಕೆ ತಿರುಗಿಸುತ್ತೆ. ಹಿಂದಿನ ಸಲ ಎಲ್ಲಿ ಸೋತೆವು ಅನ್ನೋದು ಅದಕ್ಕೆ ನೆನಪಿರುತ್ತೆ. ಮನುಷ್ಯರಿಗೆ ಇರಲ್ಲ. ಅದಕ್ಕೇ ಅದು ಗೆಲ್ಲುತ್ತೆ.

ಈ ಶಕ್ತಿ ತಪ್ಪಿ ಒಬ್ಬ ಮನುಷ್ಯನ ಕೈಗೆ ಸಿಗುತ್ತೆ. ಟಾಮ್ ಕ್ರೂಸ್ ಮಾಡಿರೋ ಮೇಜರ್ ಕೇಜ್ ಯುದ್ಧವನ್ನ ಟೀವಿಯಲ್ಲಿ ಚೆನ್ನಾಗಿ ಮಾರುತ್ತಿದ್ದ ಪ್ರಚಾರದ ಅಧಿಕಾರಿ. ರಣರಂಗಕ್ಕೆ ಹೋಗು ಅಂದ ಕೂಡಲೇ ಜಾರಿಕೊಳ್ಳೋಕೆ ನೋಡ್ತಾನೆ. ಸಿಕ್ಕಿಬಿದ್ದು, ಪದವಿ ಕಳಕೊಂಡು, ಹೀಥ್ರೂ ವಿಮಾನ ನಿಲ್ದಾಣದ ಸೇನಾ ನೆಲೆಯಲ್ಲಿ ಕೈಗೆ ಬೇಡಿಯೊಂದಿಗೆ ಏಳ್ತಾನೆ. ಗನ್ನಿನ ಸೇಫ್ಟಿ ತೆಗೆಯೋದೂ ಗೊತ್ತಿಲ್ಲ. ಫ್ರಾನ್ಸಿನ ಕಡಲತೀರದಲ್ಲಿ ಒಂದು ಆಲ್ಫಾವನ್ನ ಸಿಡಿಸಿ, ಅದರ ರಕ್ತ ಮೈಮೇಲೆ ಬಿದ್ದು ಸಾಯ್ತಾನೆ. ಮತ್ತೆ ಹೀಥ್ರೂನಲ್ಲೇ ಕಣ್ಣು ಬಿಡ್ತಾನೆ.

ಇಲ್ಲಿಂದ ಮುಂದಿನದನ್ನ ‘ಸೋತು ಸೋತು ಗೆದ್ದವನ ಕಥೆ’ ಅಂತ ಹೇಳೋರೇ ಜಾಸ್ತಿ. ಎರಡು ಬ್ಯಾಕ್‌ಲಾಗ್ ಇರೋ ನಮ್ಮ ಗೆಳೆಯನೊಬ್ಬ ಆ ರಾತ್ರಿ ಎದೆ ಉಬ್ಬಿಸಿಕೊಂಡು, “ನೋಡ್ರೋ, ನಾನೂ ಕೇಜ್ ಥರಾನೇ” ಅಂದ. “ಮಗಾ, ಕೇಜ್ ಒಂದು ತಪ್ಪನ್ನ ಮತ್ತೆ ಮಾಡಲ್ಲ. ನೀನು ಮೂರು ಸಲಾನೂ ಅದೇ ಯೂನಿಟ್ ಬಿಟ್ಟು ಹೋಗಿದ್ದೀಯ” ಅಂತ ಇನ್ನೊಬ್ಬ ತಿರುಗಿಸಿ ಕೊಟ್ಟ. ನಕ್ಕಿದ್ದಾಯ್ತು. ಆದರೆ ಮಾತು ಅಲ್ಲಿಂದಲೇ ಗಂಭೀರ ಆಯ್ತು.

ಕೇಜ್ ಜೊತೆ ಹೋರಾಡೋ ಜೆ ಸ್ಕ್ವಾಡ್ ಅನ್ನೋ ತುಕಡಿಯನ್ನ ಗಮನಿಸಿ. ಅವರೂ ಪ್ರತಿ ಸಲ ಅದೇ ತೀರಕ್ಕೆ ಇಳಿದು ಅದೇ ಜಾಗದಲ್ಲಿ ಸಾಯ್ತಾರೆ. ಕೇಜ್ ಸತ್ತಷ್ಟೇ ಸಲ ಅವರೂ ಸತ್ತಿದ್ದಾರೆ. ಆದರೆ ಅವರಿಗೆ ಏನೂ ನೆನಪಿಲ್ಲ. ಪ್ರತಿ ಬೆಳಗ್ಗೆ ಅದೇ ಜೋಕು, ಅದೇ ಜೂಜು, ಅದೇ ಧೈರ್ಯ. ಹಾಗಾದ್ರೆ ಬರೀ ಸೋಲು ಯಾರಿಗೂ ಏನೂ ಕಲಿಸಲ್ಲ. ನೆನಪಿಟ್ಟುಕೊಂಡ ಸೋಲು ಮಾತ್ರ ಕಲಿಸುತ್ತೆ.

ನಾವು ಇಷ್ಟು ಹೇಳೋಕೆ ಕಾರಣ ಇದೆ. ಈ ಸಲದ ಟೆಕ್ ಫೆಸ್ಟಿನಲ್ಲಿ ನಮ್ಮ ಲೈನ್ ಫಾಲೋವರ್ ರೋಬೋ ಮೊದಲ ತಿರುವಿನಲ್ಲೇ ದಾರಿ ಬಿಟ್ಟು ಪ್ರೇಕ್ಷಕರ ಕಡೆ ಹೋಯ್ತು. ಹಾಸ್ಟೆಲ್ ರೂಮಿನಲ್ಲಿ ಚೆನ್ನಾಗೇ ಓಡ್ತಾ ಇತ್ತು. ಆಡಿಟೋರಿಯಮ್ಮಿನ ಜೋರು ಬೆಳಕಿಗೆ ಐಆರ್ ಸೆನ್ಸರ್‌ಗೆ ಕಪ್ಪು ಯಾವುದು, ಬಿಳಿ ಯಾವುದು ಗೊತ್ತಾಗಲಿಲ್ಲ. ಅಲ್ಲೇ ಹೋಗಿ ಕ್ಯಾಲಿಬ್ರೇಟ್ ಮಾಡಿದ್ರೆ ಸಾಕಿತ್ತು. ಬೇಜಾರಲ್ಲಿ ಪಾಸ್ ಔಟ್ ಆದ ಸೀನಿಯರ್ ಒಬ್ಬರಿಗೆ ಫೋನ್ ಮಾಡಿದ್ರೆ, “ಅಯ್ಯೋ, ನಮ್ಮದೂ ಅದೇ ಹಾಲ್‌ನಲ್ಲಿ ಹಂಗೇ ಆಗಿತ್ತು ಕಣ್ರೋ” ಅಂದರು. ಅವರ ಹಿಂದಿನ ಬ್ಯಾಚಿಗೂ ಆಗಿತ್ತಂತೆ. ಮೂರು ಬ್ಯಾಚು, ಒಂದೇ ಹಾಲ್, ಒಂದೇ ತಪ್ಪು.

ಆ ರಾತ್ರಿ ಸಿನಿಮಾ ನೋಡುವಾಗ ನಮಗೆ ಅರ್ಥ ಆಗಿದ್ದು ಇದು. ನಾವೆಲ್ಲ ನಮ್ಮನ್ನ ಕೇಜ್ ಅಂದುಕೊಂಡು ನೋಡ್ತೀವಿ, ನಿಜಕ್ಕೂ ನಾವು ಜೆ ಸ್ಕ್ವಾಡ್. ಕಾಲೇಜು ಅನ್ನೋದು ನಾಲ್ಕು ವರ್ಷದ ಲೂಪು. ಫೈನಲ್ ಇಯರ್‌ನವರು ಗಂಟುಮೂಟೆ ಕಟ್ಟಿದ ದಿನ ಎಲ್ಲ ಅಳಿಸಿಹೋಗುತ್ತೆ. ಮುಂದಿನವರು ಮತ್ತೆ ಹೀಥ್ರೂನಲ್ಲಿ ಕಣ್ಣು ಬಿಡ್ತಾರೆ.

ಯಾಕೆ ಹೀಗೆ? ಸೋತದ್ದನ್ನ ಬರೆದಿಡೋ ಅಭ್ಯಾಸ ನಮಗೆ ಇಲ್ಲ. ನಮ್ಮ ಲ್ಯಾಬ್ ರೆಕಾರ್ಡ್ ತೆಗೆದು ನೋಡಿ. ಅದರಲ್ಲಿ ಯಾವ ಪ್ರಯೋಗವೂ ಯಾವತ್ತೂ ಕೆಡಲ್ಲ, ಗ್ರಾಫು ಯಾವತ್ತೂ ನೆಟ್ಟಗೇ ಇರುತ್ತೆ. ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಗೆದ್ದ ಭಾಗ ಮಾತ್ರ. ಸುಟ್ಟುಹೋದ ಮೋಟರ್ ಡ್ರೈವರ್ ಎಷ್ಟು, ಯಾಕೆ ಸುಟ್ಟಿತು ಅನ್ನೋದು ಎಲ್ಲೂ ಇಲ್ಲ. ಮುಂದಿನವರಿಗೆ ನಿಜವಾಗಿ ಬೇಕಾಗಿದ್ದದ್ದು ಅದೇ ತಾನೇ?

ಇದಕ್ಕೆ ನಮ್ಮಲ್ಲೇ ಒಬ್ಬಳು ತಕರಾರು ತೆಗೆದಳು. “ಎಲ್ಲ ಬರೆದು ಕೊಟ್ಟುಬಿಟ್ರೆ ಜೂನಿಯರ್ಸ್ ಕಲಿಯೋದು ಏನು? ಏಟು ತಿಂದೇ ಕಲೀಬೇಕು.” ಮಾತಿನಲ್ಲಿ ಹುರುಳಿದೆ. ಆದರೆ ಉತ್ತರವೂ ಸಿನಿಮಾದಲ್ಲೇ ಇದೆ. ಎಮಿಲಿ ಬ್ಲಂಟ್ ಮಾಡಿರೋ ರೀಟಾಗೆ ಈ ಶಕ್ತಿ ಮೊದಲು ಇತ್ತು. ರಕ್ತ ಕೊಡಿಸಿಕೊಂಡ ಮೇಲೆ ಅದು ಹೋಯ್ತು, ಕಲಿತದ್ದು ಮಾತ್ರ ಉಳೀತು. ತನಗೆ ಗೊತ್ತಿದ್ದದ್ದನ್ನೆಲ್ಲ ಅವಳು ಕೇಜ್‌ಗೆ ಹೇಳ್ತಾಳೆ. ಹಾಗಂತ ಕೇಜ್‌ಗೆ ಏಟು ತಪ್ಪಲಿಲ್ಲ. ತರಬೇತಿಯಲ್ಲೇ ಎಷ್ಟು ಸಲ ಮೂಳೆ ಮುರಿದುಕೊಳ್ತಾನೆ, ಎಷ್ಟು ಸಲ ಅವಳ ಗುಂಡಿಗೇ ಸಾಯ್ತಾನೆ! ಅವಳು ಹೇಳಿಕೊಟ್ಟದ್ದರಿಂದ ಅವಳ ಹಳೇ ತಪ್ಪುಗಳು ತಪ್ಪಿದವು. ಅವನು ಹೊಸ ತಪ್ಪುಗಳನ್ನ ಮಾಡೋಕೆ ಆಯ್ತು. ನಾವು ಕೇಳ್ತಾ ಇರೋದೂ ಅಷ್ಟೇ. ಮುಂದಿನ ಬ್ಯಾಚು ಸೋಲಲಿ, ಆದರೆ ನಮ್ಮ ತಪ್ಪಿಗೆ ಸೋಲೋದು ಬೇಡ.

ಇನ್ನೊಂದು ವಿಷಯ. ಲೂಪ್ ಇದ್ದಷ್ಟು ದಿನ ಕೇಜ್ ಗೆಲ್ಲಲ್ಲ. ಹಳ್ಳಿಮನೆಯ ದೃಶ್ಯ ನೆನಪಿಸಿಕೊಳ್ಳಿ. ರೀಟಾಳ ಕಾಫಿಗೆ ಎಷ್ಟು ಸಕ್ಕರೆ ಅನ್ನೋದೂ ಅವನಿಗೆ ಗೊತ್ತು. ಅಷ್ಟು ಸಲ ಅಲ್ಲಿಗೆ ಬಂದಿದ್ದಾನೆ, ಒಂದು ಸಲಾನೂ ಅವಳನ್ನ ಅಲ್ಲಿಂದ ಜೀವಂತ ದಾಟಿಸೋಕೆ ಆಗಿಲ್ಲ. ಆದರೆ ಅದನ್ನ ಅವಳಿಗೆ ಹೇಳದೇ ಬಚ್ಚಿಟ್ಟಿರ್ತಾನೆ. ಕೊನೆಗೆ ಅವನಿಗೂ ರಕ್ತ ಕೊಟ್ಟು ಶಕ್ತಿ ಹೋದ ಮೇಲೆಯೇ ಅವನು ಜೆ ಸ್ಕ್ವಾಡ್ ಹತ್ರ ಹೋಗಿ, ಒಬ್ಬೊಬ್ಬರ ಬಗ್ಗೆ ತಿಳಿದದ್ದನ್ನೆಲ್ಲ ಹೇಳಿ, ಜೊತೆಗೆ ಬನ್ನಿ ಅಂತ ಕೇಳೋದು. ಪ್ಯಾರಿಸ್ಸಿನ ಲೂವ್ರ್ ಕೆಳಗೆ ಅಡಗಿದ್ದ ಒಮೆಗಾ ಸಾಯೋದು ಆ ಒಂದೇ ಪ್ರಯತ್ನದಲ್ಲಿ. ಒಬ್ಬನ ತಲೆಯಲ್ಲಿದ್ದದ್ದು ತಂಡದ ಕೈಗೆ ಬಂದಾಗ ಕೆಲಸ ಆಯ್ತು.

ಕೊನೇ ದೃಶ್ಯ ಮಾತ್ರ ನಮಗೆ ಸರಿ ಬರಲಿಲ್ಲ. ಒಮೆಗಾದ ರಕ್ತ ಸೇರಿ ಕೇಜ್ ಮತ್ತೆ ಹಿಂದಕ್ಕೆ ಹೋಗ್ತಾನೆ. ಸತ್ತವರೆಲ್ಲ ಬದುಕಿರ್ತಾರೆ, ಅವನು ನಗ್ತಾನೆ. ಇನ್ನು ರಿಸೆಟ್ ಇಲ್ಲ ಅಂತ ಗೊತ್ತಿದ್ದೂ ಹೋದವರ ತ್ಯಾಗವನ್ನ ಒಂದೇ ನಿಮಿಷದಲ್ಲಿ ಮಾಫಿ ಮಾಡಿದ ಹಾಗೆ ಅನ್ನಿಸ್ತು. ಟಿಕೆಟ್ ಕೊಂಡವರು ಖುಷಿಯಾಗಿ ಮನೆಗೆ ಹೋಗಲಿ ಅಂತಿರಬಹುದು. ನಮ್ಮ ಜೀವನದಲ್ಲಂತೂ ಆ ಸೌಲಭ್ಯ ಇಲ್ಲ.

ಆದ್ದರಿಂದ ಕ್ಲಬ್ ರೂಮಿನ ಕಪಾಟಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೀವಿ. ಯಾವ ಬ್ರ್ಯಾಂಚಿನವರಾದರೂ ಬರೀಬಹುದು, ಹೆಸರು ಹಾಕಬೇಕಾಗಿಲ್ಲ. ಒಂದೇ ಷರತ್ತು, ಕೆಟ್ಟದ್ದನ್ನ ಮಾತ್ರ ಬರೀಬೇಕು: ಏನು ಮಾಡಿದ್ರಿ, ಎಲ್ಲಿ ಕೈಕೊಡ್ತು, ಯಾಕೆ. ಮೊದಲ ಪುಟದಲ್ಲಿ ನಮ್ಮ ರೋಬೋ ಪ್ರೇಕ್ಷಕರ ಕಡೆ ನುಗ್ಗಿದ ಕಥೆ ಇದೆ. ಎರಡನೇ ಪುಟ ಖಾಲಿ ಇದೆ. ಫೈನಲ್ ಇಯರ್‌ನವರೇ, ಹೋಗೋ ಮೊದಲು ಒಂದು ಸಲ ಈ ಕಡೆ ಬಂದು ಹೋಗಿ.